ನೆಟ್ ಕೇಳದ ಪ್ಲೇಯರ್‌ಗೆ ಮಾರುಕಟ್ಟೆಯಲ್ಲಿ ಯಾವ ಜಾಗ?

ಕೋಲಾರದಲ್ಲಿ ಕಂಪ್ಯೂಟರ್ ಓದುವ ಹುಡುಗ ಹುಡುಗಿಯರು, ಮೊಬೈಲ್ ಅಂಗಡಿ ನಡೆಸುವ ಕೆಲವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬೆಳೆಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಆ್ಯಪ್ ಬರೆಯುವ ಕೆಲಸದವನು. ಆಫ್‌ಲೈನ್ ಮ್ಯೂಸಿಕ್ ಪ್ಲೇಯರ್ ಬಗ್ಗೆ ಮಾತಾಡ್ತೀನಿ ಅಂದಾಗ ನಿಮ್ಮಲ್ಲೇ ಒಬ್ಬರು ಕೇಳಿದರು: ಈಗಿನ ಕಾಲದಲ್ಲಿ ಅದು ಯಾರಿಗೆ ಬೇಕು? ನ್ಯಾಯವಾದ ಪ್ರಶ್ನೆ. ಎಲ್ಲರ ಫೋನಲ್ಲೂ ನೆಟ್ ಇದೆ. ಕೋಟಿಗಟ್ಟಲೆ ಹಾಡು ಬೆರಳ ತುದಿಯಲ್ಲಿ ಸಿಗುತ್ತೆ. ಹಾಗಿರುವಾಗ ತನ್ನದು ಅಂತ ಒಂದೂ ಹಾಡಿಲ್ಲದ, ಫೋನಿನಲ್ಲಿ ಮೊದಲೇ ಇರುವ ಫೈಲನ್ನಷ್ಟೇ ನುಡಿಸುವ ಆ್ಯಪ್‌ಗೆ ಏನು ಬೆಲೆ?

ಬೆಲೆ ಇದೆ ಅಂತ ನಾನು ನಂಬಿದ್ದೇನೆ. ಆದರೆ ಅದು ಜನ ಸಾಮಾನ್ಯವಾಗಿ ಹೇಳುವ ಕಾರಣಕ್ಕಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಹಾಡಿನ ಫೈಲಿಗೆ ಎಂಪಿ3 ಅನ್ನುವ ಬಾಲ ಸಿಕ್ಕಿದ್ದು 1995ರಲ್ಲಿ. 1997ರಲ್ಲಿ, ಕಂಪ್ಯೂಟರಿನಲ್ಲಿ ಆ ಫೈಲು ನುಡಿಸುವ ವಿನ್‌ಆ್ಯಂಪ್ ಬಂತು. ನಮ್ಮ ಕಡೆ ಇದೆಲ್ಲ ನಿಜವಾಗಿ ತಲುಪಿದ್ದು ಮೆಮೊರಿ ಕಾರ್ಡ್ ಬಂದಮೇಲೆ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗಿ ಕಾರ್ಡ್ ಕೊಟ್ಟು, ಸ್ವಲ್ಪ ದುಡ್ಡು ಕೊಟ್ಟು, ಹಾಡು ತುಂಬಿಸಿಕೊಂಡು ಬರುತ್ತಿದ್ದೆವು. ಲೆಕ್ಕ ಸುಲಭ. 128 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 128 ಕಿಲೋಬಿಟ್ ಗುಣಮಟ್ಟದ ಎಂಪಿ3, ಎಂಟು ಬಿಟ್‌ಗೆ ಒಂದು ಬೈಟ್ ಲೆಕ್ಕದಲ್ಲಿ, ಸೆಕೆಂಡಿಗೆ 16 ಕೆಬಿ ಜಾಗ ತಿನ್ನುತ್ತೆ. ನಾಲ್ಕು ನಿಮಿಷದ ಹಾಡು 4 ಎಂಬಿಯೊಳಗೆ ಮುಗಿಯುತ್ತೆ. 4 ಜಿಬಿ ಕಾರ್ಡಿಗೆ ಹತ್ತತ್ತಿರ ಸಾವಿರ ಹಾಡು. ಹಾಗೆ ತುಂಬಿಸಿದ್ದರಲ್ಲಿ ಹೆಚ್ಚಿನದು ಹಕ್ಕುದಾರರಿಗೆ ಕಾಸು ಮುಟ್ಟದ ನಕಲು. ಅದು ಸರಿಯಾದ ವ್ಯಾಪಾರ ಆಗಿರಲಿಲ್ಲ. ಆ ಕಾಲ ವಾಪಸ್ ಬರಲಿ ಅಂತ ನಾನು ಹೇಳುತ್ತಿಲ್ಲ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಡೇಟಾ ಬೆಲೆ ಪಾತಾಳಕ್ಕಿಳಿಯಿತು. 2019ರ ಫೆಬ್ರವರಿಯಲ್ಲಿ ನೆಟ್‌ನಲ್ಲೇ ಹಾಡು ಕೇಳಿಸುವ ಸ್ಪಾಟಿಫೈ ಕೂಡ ಭಾರತಕ್ಕೆ ಕಾಲಿಟ್ಟಿತು. ಆಫ್‌ಲೈನ್ ಪ್ಲೇಯರ್ ಮಾಡುವವರು ಇವತ್ತಿಗೂ 'ನಿಮ್ಮ ಡೇಟಾ ಉಳಿಯುತ್ತೆ' ಅಂತ ಜಾಹೀರಾತು ಬರೆಯುತ್ತಾರೆ. ಆ ಮಾತಿಗೆ ಈಗ ತೂಕ ಇಲ್ಲ. ಲೆಕ್ಕ ಹಾಕಿ ನೋಡಿ. 160 ಕೆಬಿಪಿಎಸ್‌ನಲ್ಲಿ ದಿನಕ್ಕೆ ಎರಡು ಗಂಟೆ ಹಾಡು ಕೇಳಿದರೆ ಖರ್ಚಾಗುವುದು 144 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿಕೊಂಡವನಿಗೆ ಅದು ಹತ್ತರಲ್ಲಿ ಒಂದು ಪಾಲು. ಅವನು ರೀಲ್ಸ್ ನೋಡಿ ಖರ್ಚು ಮಾಡುವುದರ ಮುಂದೆ ಏನೂ ಅಲ್ಲ. ಡೇಟಾ ಉಳಿಸುವುದನ್ನೇ ನಂಬಿ ಆ್ಯಪ್ ಕಟ್ಟಿದರೆ ಯಾರೂ ಬರಲ್ಲ.

ಹಾಗಾದರೆ ಜನ ಯಾಕೆ ಬರಬೇಕು? ನನಗೆ ಕಾಣುವುದು ಎರಡು ಕಾರಣ. ಮೊದಲನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಎರಡನೆಯದೇ ನಿಜವಾದ ಸರಕು.

ಮೊದಲನೆಯದು, ಸ್ಟ್ರೀಮಿಂಗ್, ಅಂದರೆ ಹಾಡನ್ನು ನೆಟ್‌ನಿಂದ ತರಿಸಿ ಕೇಳುವುದು, ಒಂಥರ ಬಾಡಿಗೆ. ಅಂಗಡಿ ಮುಚ್ಚಿದರೆ ನೀವು ಜೋಡಿಸಿಟ್ಟ ಪಟ್ಟಿಯೂ ಹೋಗುತ್ತೆ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ಗಾನಾ 2022ರಲ್ಲಿ ಪುಕ್ಕಟೆ ಕೇಳುವುದನ್ನು ನಿಲ್ಲಿಸಿ ಚಂದಾದಾರರಿಗೆ ಮಾತ್ರ ಅಂತ ಮಾಡಿತು. ರೆಸ್ಸೋ 2024ರ ಜನವರಿ ಕೊನೆಗೆ ಭಾರತದಲ್ಲಿ ನಿಂತಿತು. ಅದೇ ವರ್ಷ ಆಗಸ್ಟ್‌ನಲ್ಲಿ ವಿಂಕ್ ಮುಚ್ಚುವುದಾಗಿ ಏರ್‌ಟೆಲ್ ಹೇಳಿತು. ಇವು ಸಣ್ಣಪುಟ್ಟ ಕಂಪನಿಗಳಲ್ಲ. ದುಡ್ಡಿರುವವರೇ ಕೈಬಿಟ್ಟರು. ಯಾಕೆಂದರೆ ಹಾಡಿನ ಹಕ್ಕಿಗೆ ಕೊಡುವ ಹಣ ನಿಲ್ಲುವುದೇ ಇಲ್ಲ, ಇಲ್ಲಿನ ಕೇಳುಗರು ತಿಂಗಳು ತಿಂಗಳು ಕೊಡಲು ಒಪ್ಪಲ್ಲ. ಡೌನ್‌ಲೋಡ್ ಮಾಡಿಕೊಂಡರೂ ಅದು ನಿಮ್ಮದಾಗಲ್ಲ. ಸ್ಪಾಟಿಫೈನಲ್ಲಿ ಡೌನ್‌ಲೋಡ್ ಉಳಿಯಬೇಕಾದರೆ 30 ದಿನಕ್ಕೆ ಒಮ್ಮೆಯಾದರೂ ನೆಟ್‌ಗೆ ಬರಬೇಕು. ಇದರಲ್ಲಿ ಮೋಸ ಏನೂ ಇಲ್ಲ, ಅದು ಅವರ ಕರಾರು. ಆದರೆ ಆಫ್‌ಲೈನ್ ಪ್ಲೇಯರ್ ಮಾಡುವವರಿಗೆ ಹಾಡಿನ ಹಕ್ಕಿನ ಖರ್ಚಿಲ್ಲ, ಸರ್ವರ್ ಖರ್ಚಿಲ್ಲ. ಲಾಭ ಕಡಿಮೆ, ಆದರೆ ಮುಳುಗುವ ಭಯವೂ ಕಡಿಮೆ. ಇಬ್ಬರು ಸೇರಿ ಹತ್ತು ವರ್ಷ ನಡೆಸಬಹುದಾದ ಕೆಲಸ ಇದು.

ಈಗ ಎರಡನೆಯದಕ್ಕೆ ಬರುತ್ತೇನೆ. ಯಾವ ಸ್ಟ್ರೀಮಿಂಗ್ ಆ್ಯಪ್‌ನಲ್ಲೂ ಸಿಗದ ಹಾಡುಗಳು.

ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಪಕ್ಕದ ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆಗೆ ಸಂಗೀತೋತ್ಸವ ಆಗುತ್ತೆ. ಅಲ್ಲಿನ ಸಂತ ಕವಿ ತಾತಯ್ಯನವರ ಕೀರ್ತನೆಗಳನ್ನು ತೆಲುಗಲ್ಲೂ ಕನ್ನಡದಲ್ಲೂ ಹಾಡುತ್ತಾರೆ. ಯಾವುದೋ ಹಳ್ಳಿಯ ಭಜನೆ ತಂಡ ಬಂದು ತಮ್ಮದೇ ಮಟ್ಟಿನಲ್ಲಿ ಹಾಡಿ ಹೋಗುತ್ತೆ. ಮುಂದೆ ಕೂತವರು ಫೋನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಇಲ್ಲೇ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದ 'ಹುಣ್ಣಿಮೆ ಹಾಡು' ಕಾರ್ಯಕ್ರಮಕ್ಕೆ ಹೋದವರು ಈ ಸಭೆಯಲ್ಲೂ ಇರಬಹುದು. ಅಲ್ಲಿ ಕೇಳಿದ ತತ್ವಪದ, ತಮಟೆ, ಹೋರಾಟದ ಹಾಡು ಎಲ್ಲಿದೆ? ಅಲ್ಲಿ ಕೂತಿದ್ದವರ ಫೋನಿನಲ್ಲಿದೆ. ಮನೆಯಲ್ಲಿ ಅಜ್ಜಿ ಹಾಡಿದ ಸೋಬಾನೆ, ತೀರಿಹೋದ ಅಪ್ಪ ಹಾರ್ಮೋನಿಯಂ ಹಿಡಿದು ಹಾಡಿದ ನಾಟಕದ ಪದ, ಇವೆಲ್ಲ ಫೈಲುಗಳು. ಇವಕ್ಕೆ ಕಂಪನಿ ಇಲ್ಲ, ಲೇಬಲ್ ಇಲ್ಲ, ಪೋಸ್ಟರ್ ಇಲ್ಲ. ಕೋಟಿ ಹಾಡಿನ ಕ್ಯಾಟಲಾಗ್ ಇರುವವರಿಗೆ ಇವು ಇರುವುದೇ ಗೊತ್ತಿಲ್ಲ.

ಮತ್ತೆ ಇವು ಒಬ್ಬರಿಂದ ಒಬ್ಬರಿಗೆ ಹೋಗುವುದು ವಾಟ್ಸಾಪ್‌ನಲ್ಲಿ. ಹೋಗುವಾಗ ಹೆಸರು ಕಳೆದುಕೊಳ್ಳುತ್ತವೆ. ನಿಮ್ಮ ಫೋನಿನ ಫೋಲ್ಡರ್ ತೆಗೆದು ನೋಡಿ. ಎಯುಡಿ ಅಂತ ಶುರುವಾಗುತ್ತೆ, ಆಮೇಲೆ ತಾರೀಕು, ಆಮೇಲೆ ಡಬ್ಲ್ಯುಎ ಅಂತ ಬರೆದು ಒಂದು ಅಂಕಿ. ಅಂಥವು ನೂರಾರು ಸಾಲು. ಅದರಲ್ಲಿ ಯಾವುದು ಅಜ್ಜಿಯ ಹಾಡು, ಯಾವುದು ಚೀಟಿ ಗುಂಪಿನ ಲೆಕ್ಕದ ಮಾತು? ಒಂದೊಂದನ್ನೂ ತೆಗೆದು ಕೇಳಿಯೇ ತಿಳಿಯಬೇಕು. ಈ ತೊಂದರೆ ಬಗೆಹರಿಸುವ ಆ್ಯಪ್ ಮಾಡಿದರೆ ಜನ ಖಂಡಿತ ಇಟ್ಟುಕೊಳ್ಳುತ್ತಾರೆ. ಹಾಡು ಓಡುತ್ತಿರುವಾಗಲೇ ಒಂದು ಒತ್ತು ಒತ್ತಿ, ಮೈಕಿಗೆ 'ಅಜ್ಜಿ ಸೋಬಾನೆ, ಮುಳಬಾಗಿಲು' ಅಂತ ಹೇಳಿ ಹೆಸರಿಡುವ ಹಾಗಿರಬೇಕು. ಅಷ್ಟು ಸಾಕು.

ಹೆಸರಿನ ವಿಷಯ ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ವಿದ್ಯಾರ್ಥಿಗಳು ಗಮನ ಕೊಡಿ, ನಿಮಗೆ ಕೆಲಸ ಇರುವುದು ಇಲ್ಲೇ.

ಹಾಡಿನ ಹೆಸರು, ಹಾಡಿದವರ ಹೆಸರು ಎಂಪಿ3 ಫೈಲಿನ ಒಳಗೇ ಕೂತಿರುತ್ತೆ. ಅದಕ್ಕೆ ಐಡಿ3 ಟ್ಯಾಗ್ ಅನ್ನುತ್ತಾರೆ. 1996ರಲ್ಲಿ ಬಂದ ಮೊದಲ ರೂಪದಲ್ಲಿ ಫೈಲಿನ ಕೊನೆಗೆ 128 ಬೈಟ್ ಅಂಟಿಸುತ್ತಿದ್ದರು. ಹಾಡಿನ ಹೆಸರಿಗೆ ಅದರಲ್ಲಿ 30 ಬೈಟ್. ಇಂಗ್ಲಿಷಿಗೆ 30 ಅಕ್ಷರ, ಸಾಕಾಗುತ್ತೆ. ಎಲ್ಲ ಲಿಪಿಯನ್ನೂ ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಅನ್ನುವ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಕಾಗುಣಿತಕ್ಕೆ ಬೇರೆ, ಒತ್ತಕ್ಷರ ಮಾಡುವ ಹಲಂತ ಚಿಹ್ನೆಗೆ ಬೇರೆ. 'ಕೈವಾರ ತಾತಯ್ಯ' ಅಂತ ಬರೆದು ಎಣಿಸಿ. 11 ಚಿಹ್ನೆ, ನಡುವೆ ಒಂದು ಖಾಲಿ ಜಾಗ. ಒಟ್ಟು 34 ಬೈಟ್. ಆ ಹೆಸರು ಆ ಜಾಗದಲ್ಲಿ ಹಿಡಿಸುವುದೇ ಇಲ್ಲ. ಯಾವ ಲಿಪಿಯನ್ನು ಹೇಗೆ ಬರೆಯಬೇಕು ಅನ್ನುವ ನಿಯಮವೂ ಆ ಮೊದಲ ರೂಪದಲ್ಲಿ ಇರಲಿಲ್ಲ. ಮುಂದಿನ ರೂಪಗಳಲ್ಲಿ ಇದು ಸರಿಹೋಯಿತು. 2000ದಲ್ಲಿ ಬಂದ ಐಡಿ3 2.4ರಲ್ಲಿ ಯುಟಿಎಫ್-8 ನೇರವಾಗಿ ಬರೆಯಬಹುದು, ಉದ್ದದ ಕಟ್ಟೂ ಇಲ್ಲ. ಆದರೆ ಅಷ್ಟರಲ್ಲಿ ಹಾಡು ತುಂಬುವವರಿಗೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೂಢಿ ಬಿದ್ದಿತ್ತು. ಹಾಡು ಹಂಚುತ್ತಿದ್ದ ಸೈಟುಗಳಂತೂ ಹಾಡಿದವರ ಹೆಸರಿನ ಜಾಗದಲ್ಲಿ ತಮ್ಮ ವಿಳಾಸ ತುರುಕಿದವು. ಇವತ್ತಿಗೂ ಹಳೇ ಕಾರ್ಡ್ ಹಾಕಿದರೆ ಗಾಯಕರ ಪಟ್ಟಿಯಲ್ಲಿ ಮೊದಲು ಕಾಣುವುದು ಡಬ್ಲ್ಯು ಡಬ್ಲ್ಯು ಡಬ್ಲ್ಯು. ಹಾಡಿದವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ಇನ್ನು ಹುಡುಕಾಟ. ಇಂಗ್ಲಿಷ್ ಅಕ್ಷರದಲ್ಲಿ ಶಿವ ಅಂತ ಬರೆಯಲು ನಮ್ಮವರು ಎಸ್ ಪಕ್ಕ ಎಚ್ ಹಾಕುತ್ತಾರೆ. ತೆಲುಗು, ತಮಿಳಿನ ರೂಢಿಯವರು ಬರೀ ಎಸ್ ಬರೆಯುವುದು ಜಾಸ್ತಿ. ತಾತಯ್ಯನಿಗೆ ಕೆಲವರು ಟಿ ಜೊತೆ ಎಚ್, ಕೆಲವರು ಬರೀ ಟಿ. ದೀರ್ಘಕ್ಕೆ ಒಂದು ಎ, ಇನ್ನೊಬ್ಬರಿಗೆ ಎರಡು. ಹುಡುಕುವವನು ಒಂದು ರೀತಿ ಹೊಡೆದರೆ ಫೈಲಿನಲ್ಲಿ ಇನ್ನೊಂದು ರೀತಿ ಇರುತ್ತೆ. ಹಾಡು ಫೋನಿನಲ್ಲೇ ಇದ್ದರೂ ಸಿಗಲ್ಲ. ಕೋಲಾರದ ಫೋನ್ ಅಂದರೆ ಒಂದೇ ಭಾಷೆಯದಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಸೇರುತ್ತೆ. ಕೆಜಿಎಫ್ ಕಡೆ ತಮಿಳು. ಪೇಟೆಯಲ್ಲಿ ಉರ್ದು. ಒಬ್ಬನೇ ಮನುಷ್ಯ ನಾಲ್ಕನ್ನೂ ಕೇಳುತ್ತಾನೆ. ಅವನಿಗೆ ಅದು ಸಹಜ, ಆ್ಯಪ್‌ಗೆ ಮಾತ್ರ ಗೊತ್ತಾಗಲ್ಲ.

ಆದರೆ ಬಗೆಹರಿಸುವುದು ಅಷ್ಟೇನೂ ಕಷ್ಟ ಅಲ್ಲ. ಫೈಲಿನ ಹೆಸರನ್ನೂ ಹುಡುಕುವ ಪದವನ್ನೂ ಸದ್ದಿನ ಒಂದೇ ಅಚ್ಚಿಗೆ ಇಳಿಸಿ. ಎಚ್ ಬಿಡಿ, ಎರಡು ಎ ಇದ್ದರೆ ಒಂದು ಮಾಡಿ, ಆಮೇಲೆ ಹೋಲಿಸಿ. ಇನ್ನೊಂದು ಸೊಗಸಾದ ಸಂಗತಿ ಹೇಳುತ್ತೇನೆ. ಯೂನಿಕೋಡ್‌ನಲ್ಲಿ (ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪಟ್ಟಿ ಅದು) ತೆಲುಗು ಮತ್ತು ಕನ್ನಡ ಅಕ್ಕಪಕ್ಕದ ಮನೆ. ಒಂದೇ ಕ್ರಮದಲ್ಲಿ ಜೋಡಿಸಿದ್ದಾರೆ. ತೆಲುಗಿನ ಕ ಇರುವ ಸಂಖ್ಯೆಗೆ 128 ಕೂಡಿಸಿದರೆ ಕನ್ನಡದ ಕ. ಹೀಗೇ ಹೆಚ್ಚುಕಮ್ಮಿ ಎಲ್ಲ ಅಕ್ಷರಕ್ಕೂ. ಅಂದರೆ ಕನ್ನಡದಲ್ಲಿ ಬರೆದು ಹುಡುಕಿದವನಿಗೆ ತೆಲುಗು ಲಿಪಿಯ ಹಾಡನ್ನೂ ತೋರಿಸಲು ಒಂದು ಸಣ್ಣ ಕೂಡುವ ಲೆಕ್ಕ ಸಾಕು. ಎರಡೂ ಭಾಷೆ ಬೆರೆತ ಮನೆಯಲ್ಲಿ ಬೆಳೆದ ನಿಮಗೆ ಇದರ ಉಪಯೋಗ ತಕ್ಷಣ ತಿಳಿಯುತ್ತೆ. ಬೇರೆ ದೇಶದಲ್ಲಿ ಕೂತು ಪ್ಲೇಯರ್ ಬರೆಯುವವರಿಗೆ ಇದು ಬೇಕು ಅಂತಲೇ ಹೊಳೆಯಲ್ಲ.

ಈಗ ಎದುರಾಳಿಗಳ ವಿಷಯ. ಫೋನಿನ ಜೊತೆಗೇ ಬರುವ ಪ್ಲೇಯರ್ ಮೊದಲ ಎದುರಾಳಿ. ಹೆಚ್ಚಿನ ಜನ ಅದರಲ್ಲೇ ಇರುತ್ತಾರೆ, ಬದಲಾಯಿಸುವ ಯೋಚನೆಯೇ ಮಾಡಲ್ಲ. ವಿಎಲ್‌ಸಿ ಇದೆ. 1996ರಲ್ಲಿ ಫ್ರಾನ್ಸಿನ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಶುರು ಮಾಡಿದ್ದು, 2001ರಿಂದ ಮುಕ್ತ ತಂತ್ರಾಂಶ. ಲಾಭಕ್ಕಲ್ಲದ ಸಂಸ್ಥೆ ನಡೆಸುತ್ತೆ, ಪೂರ್ತಿ ಪುಕ್ಕಟೆ, ಯಾವ ಫೈಲ್ ಕೊಟ್ಟರೂ ನುಡಿಸುತ್ತೆ. ಅದರ ಜೊತೆ ಬೆಲೆಯಲ್ಲಿ ಪೈಪೋಟಿ ಮಾಡೋಕೆ ಆಗಲ್ಲ. ಪವರ್‌ಆ್ಯಂಪ್ ಇದೆ. ಕೆಲವು ದಿನ ಪುಕ್ಕಟೆ ಬಳಸಿ, ಆಮೇಲೆ ದುಡ್ಡು ಕೊಡಬೇಕು. ಈಕ್ವಲೈಜರ್, ಧ್ವನಿಯ ಗುಣ ಅಂತ ತಲೆಕೆಡಿಸಿಕೊಳ್ಳುವವರು ಅದಕ್ಕೆ ಸಂತೋಷವಾಗಿ ಕೊಡುತ್ತಾರೆ. ನಮ್ಮ ದೇಶದವರೇ ಮಾಡಿದ ಮ್ಯೂಸಿಕೋಲೆಟ್ ಇದೆ. ಅದನ್ನು ವಿಶೇಷವಾಗಿ ನೋಡಿ ಅಂತ ಹೇಳುತ್ತೇನೆ. ಜಾಹೀರಾತಿಲ್ಲ. ಒಂದೇ ಸಲಕ್ಕೆ ಹಲವು ಸರದಿ ಪಟ್ಟಿ ಇಟ್ಟುಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯ, ಅದು ಆಂಡ್ರಾಯ್ಡ್ ಹತ್ತಿರ ಇಂಟರ್ನೆಟ್ ಅನುಮತಿಯನ್ನೇ ಕೇಳಲ್ಲ.

ಇದು ಸಣ್ಣ ವಿಷಯ ಅಲ್ಲ. ಆಂಡ್ರಾಯ್ಡ್‌ನಲ್ಲಿ ಕ್ಯಾಮೆರಾ, ಮೈಕ್ ಬೇಕಾದರೆ ಪರದೆ ಮೇಲೆ ನಿಮ್ಮನ್ನು ಕೇಳುತ್ತೆ. ಇಂಟರ್ನೆಟ್ ಅನುಮತಿಗೆ ನಿಮ್ಮನ್ನು ಕೇಳುವುದೇ ಇಲ್ಲ, ಆ್ಯಪ್‌ಗೆ ಸುಮ್ನೆ ಸಿಕ್ಕಿಬಿಡುತ್ತೆ. ಆದರೆ ಆ್ಯಪ್ ಮಾಡಿದವರು ಆ ಅನುಮತಿ ಬೇಕು ಅಂತ ಅದರೊಳಗೆ ಮೊದಲೇ ಬರೆದಿರಬೇಕು. ಬರೆಯದ ಆ್ಯಪ್‌ಗೆ ತಾನಾಗಿ ನೆಟ್ ಸಂಪರ್ಕ ತೆರೆಯಲು ಆಗಲ್ಲ. ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ನ ವಿವರಕ್ಕೆ ಹೋಗಿ ಅನುಮತಿಗಳ ಪಟ್ಟಿ ತೆಗೆದರೆ 'ಫುಲ್ ನೆಟ್‌ವರ್ಕ್ ಆ್ಯಕ್ಸೆಸ್' ಅನ್ನುವ ಸಾಲು ಇದೆಯೋ ಇಲ್ಲವೋ ನೀವೇ ನೋಡಬಹುದು. 'ನಿಮ್ಮ ಮಾಹಿತಿ ಕದಿಯಲ್ಲ' ಅಂತ ಎಲ್ಲರೂ ಬರೆಯುತ್ತಾರೆ. ಆ ಸಾಲು ಇಲ್ಲದಿರುವುದನ್ನು ಮಾತ್ರ ಯಾರು ಬೇಕಾದರೂ ಪರೀಕ್ಷೆ ಮಾಡಬಹುದು.

ಇಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದರು: ನೆಟ್ ಇಲ್ಲದಿದ್ದರೆ ಜಾಹೀರಾತು ಬರಲ್ಲ, ಮತ್ತೆ ದುಡ್ಡು ಎಲ್ಲಿಂದ? ಸರಿಯಾದ ಜಾಗಕ್ಕೇ ಕೈ ಹಾಕಿದರು. ಜಾಹೀರಾತನ್ನು ನೆಟ್‌ನಿಂದ ತರಿಸಬೇಕು. ಡೇಟಾ ಆಫ್ ಮಾಡಿ ಹಾಡು ಕೇಳುವವನಿಗೆ ಜಾಹೀರಾತು ತೋರಿಸೋಕೆ ಆಗಲ್ಲ. ತೋರಿಸಬೇಕು ಅಂದರೆ ಅವನು ನೆಟ್‌ಗೆ ಬರುವ ಹಾಗೆ ಮಾಡಬೇಕು. ಆವಾಗ ಆಫ್‌ಲೈನ್ ಅನ್ನುವ ಮಾತೇ ಸುಳ್ಳಾಗುತ್ತೆ. ಜಾಹೀರಾತು ನಂಬಿದ ಆಫ್‌ಲೈನ್ ಪ್ಲೇಯರ್‌ಗಳು ಒಂದೊಂದಾಗಿ ಕೆಡುವುದು ಇದಕ್ಕೇ. ನನ್ನ ಉತ್ತರ, ಒಂದೇ ಸಲ ದುಡ್ಡು. ಮೂಲ ಆ್ಯಪ್ ಪುಕ್ಕಟೆ, ಹೆಚ್ಚಿನ ಅನುಕೂಲಕ್ಕೆ ನೂರರಿಂದ ಇನ್ನೂರು ರೂಪಾಯಿ, ಜೀವನಪೂರ್ತಿ. ಹಣ ಪಾವತಿಯನ್ನು ಪ್ಲೇ ಸ್ಟೋರ್ ಆ್ಯಪ್ ನೋಡಿಕೊಳ್ಳುತ್ತೆ, ಅದಕ್ಕಾಗಿ ನಿಮ್ಮ ಆ್ಯಪ್‌ಗೆ ಇಂಟರ್ನೆಟ್ ಅನುಮತಿ ಬೇಕಾಗಿಲ್ಲ. ವರ್ಷಕ್ಕೆ ಮೊದಲ 10 ಲಕ್ಷ ಡಾಲರ್ ಆದಾಯದವರೆಗೆ ಗೂಗಲ್ 15 ಪರ್ಸೆಂಟ್ ಹಿಡಿದುಕೊಳ್ಳುತ್ತೆ. ತೆರಿಗೆ ಬೇರೆ. ಆ್ಯಪ್ ಮಾಡುವವರು ಪ್ಲೇ ಸ್ಟೋರ್‌ನಲ್ಲಿ ಖಾತೆ ತೆರೆಯಲು ಒಂದು ಸಲ 25 ಡಾಲರ್. ಐಫೋನಿಗೆ ಮಾಡಲು ಹೋದರೆ ವರ್ಷ ವರ್ಷ 99 ಡಾಲರ್, ಮೇಲಾಗಿ ಅಲ್ಲಿ ಒಂದು ಆ್ಯಪ್‌ನ ಫೈಲ್ ಇನ್ನೊಂದಕ್ಕೆ ಸುಲಭವಾಗಿ ಕಾಣಲ್ಲ. ಅದನ್ನು ಸದ್ಯಕ್ಕೆ ಬಿಡಿ.

ದೊಡ್ಡದಾಗುವ ಆಸೆ ಎಲ್ಲರಿಗೂ ಇರುತ್ತೆ. ಎಂಎಕ್ಸ್ ಪ್ಲೇಯರ್ ಕಥೆ ನೆನಪಿಡಿ. ಅದು ಹಾಡಿನದಲ್ಲ, ವಿಡಿಯೋದ್ದು, ಆದರೆ ದಾರಿ ಒಂದೇ. ಕೊರಿಯಾದವರು ಮಾಡಿದ್ದು, ಫೋನಿನಲ್ಲಿರುವ ವಿಡಿಯೋ ನೋಡಲು ಭಾರತದಲ್ಲಿ ಎಲ್ಲರೂ ಇಟ್ಟುಕೊಂಡಿದ್ದರು. 2018ರಲ್ಲಿ ಟೈಮ್ಸ್ ಇಂಟರ್ನೆಟ್ ಅದನ್ನು ಕೊಂಡಿತು, 2019ರಲ್ಲಿ ಸ್ಟ್ರೀಮಿಂಗ್ ಆ್ಯಪ್ ಮಾಡಿತು, 2024ರಲ್ಲಿ ಅದು ಅಮೆಜಾನ್ ಕೈಗೆ ಹೋಯಿತು. ಹಣ ಹಾಕುವವರ ಕಣ್ಣಿಗೆ ಆಫ್‌ಲೈನ್ ಪ್ಲೇಯರ್ ಅಂದರೆ ಜನರನ್ನು ಗುಡ್ಡೆ ಹಾಕುವ ಜಾಗ, ಅಷ್ಟೇ. ಅವರ ಲೆಕ್ಕಕ್ಕೆ ಅದು ಸರಿ ಇರಬಹುದು. ತನ್ನ ಫೈಲನ್ನು ನುಡಿಸಲಿ ಅಂತ ಇಟ್ಟುಕೊಂಡವನಿಗೆ ಸಿಕ್ಕಿದ್ದು ಬೇರೆ ಏನೋ.

ಇನ್ನೊಂದು ಕಡೆ ಸಾರೆಗಾಮ ಕಾರ್ವಾನ್ ನೋಡಿ. 2017ರಲ್ಲಿ, ಎಲ್ಲರೂ ಸ್ಟ್ರೀಮಿಂಗ್ ಸ್ಟ್ರೀಮಿಂಗ್ ಅನ್ನುತ್ತಿದ್ದಾಗ, ಹಳೇ ರೇಡಿಯೋ ಥರದ ಪೆಟ್ಟಿಗೆಯಲ್ಲಿ 5000 ಹಾಡು ತುಂಬಿ ಮಾರಿದರು. ನೆಟ್ ಬೇಡ, ಒತ್ತಿದರೆ ಹಾಡು. ಲಕ್ಷಗಟ್ಟಲೆ ಮಾರಾಟ ಆಯಿತು. ಮಕ್ಕಳು ಕೊಂಡು ಅಪ್ಪ ಅಮ್ಮನಿಗೆ ಕೊಟ್ಟರು. ಹಾಡಿನ ಹಕ್ಕು ಅವರದ್ದೇ ಆಗಿದ್ದರಿಂದ ಅದು ಸಾಧ್ಯವಾಯಿತು, ನಿಜ. ಆದರೆ ನೆಟ್ ಕೇಳದ ಹಾಡಿಗೆ ಜನ ಸಾವಿರಾರು ರೂಪಾಯಿ ಕೊಡುತ್ತಾರೆ ಅನ್ನುವುದು ಅಲ್ಲಿ ಸಾಬೀತಾಯಿತು.

ಅಂಗಡಿಯವರಿಗೆ ಎರಡು ಮಾತು. ಡೇಟಾ ಇಲ್ಲದ ಗಿರಾಕಿ ಇನ್ನೂ ಇದ್ದಾರೆ. ಮಾತು ಮತ್ತು ಮೆಸೇಜಿಗೆ ಮಾತ್ರ ರೀಚಾರ್ಜ್ ಕೊಡಿ ಅಂತ 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಮೊಬೈಲ್ ಕಂಪನಿಗಳಿಗೆ ನಿಯಮ ಮಾಡಿದ್ದೇ ಅಂಥವರಿಗಾಗಿ. ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಮನೆಗಳಲ್ಲಿ, ಎಪಿಎಂಸಿಯಿಂದ ರಾತ್ರಿ ಟೊಮ್ಯಾಟೊ ಹೊತ್ತು ಚೆನ್ನೈಗೆ ಹೊರಡುವ ಗಾಡಿಗಳಲ್ಲಿ ಪೆನ್‌ಡ್ರೈವ್, ಕಾರ್ಡ್ ಇನ್ನೂ ಓಡುತ್ತಿವೆ. ಅವರಿಗೆ ಕದ್ದ ಹಾಡು ತುಂಬಿಕೊಡಬೇಡಿ. ಅವರ ಹತ್ತಿರ ಇರುವುದನ್ನು ಜೋಡಿಸಿಕೊಡಿ. ಹೆಸರು ಸರಿ ಮಾಡಿ, ಒಂದೇ ಹಾಡು ನಾಲ್ಕು ಸಲ ಇದ್ದರೆ ಮೂರು ಅಳಿಸಿ, ಮನೆಯ ರೆಕಾರ್ಡಿಂಗ್‌ಗೆ ಇನ್ನೊಂದು ನಕಲು ತೆಗೆದಿಡಿ. ಇದಕ್ಕೆ ಧೈರ್ಯವಾಗಿ ದುಡ್ಡು ಕೇಳಿ. ಆ್ಯಪ್ ಮಾಡುವವರಿಗೂ ಇದೇ ಮಾತು. ಡೌನ್‌ಲೋಡ್ ಬಟನ್ ಹಾಕಬೇಡಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತೆ. ಹಾಡು ತಂದುಕೊಡುವ ಕೆಲಸ ನಿಮ್ಮದಲ್ಲ. ಇರುವ ಹಾಡನ್ನು ಚೆನ್ನಾಗಿ ನೋಡಿಕೊಳ್ಳುವುದು ನಿಮ್ಮದು. ಆಫ್‌ಲೈನ್ ಪ್ಲೇಯರ್‌ಗೆ ಮಾರುಕಟ್ಟೆಯಲ್ಲಿ ಇರುವ ಜಾಗ ಅದೇ, ಮತ್ತು ಆ ಜಾಗದಲ್ಲಿ ಕನ್ನಡ ಬಲ್ಲವರು ಇನ್ನೂ ಸರಿಯಾಗಿ ಕೂತಿಲ್ಲ.

ಕೊನೆಗೆ ಬಂದ ಪ್ರಶ್ನೆ, ಎಲ್ಲಿಂದ ಶುರು ಮಾಡೋದು ಅಂತ. ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಆ್ಯಪ್ ಬಿಡುಗಡೆ ಮಾಡುವ ಮೊದಲು ಕನಿಷ್ಠ 12 ಜನರಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕು ಅಂತ ಗೂಗಲ್ ನಿಯಮ ಇದೆ. ಮೊದಲು 20 ಇತ್ತು, ಆಮೇಲೆ ಇಳಿಸಿದರು. ಊರಿಗೆ ಹೋದಾಗ ಮನೆಯವರ ಫೋನ್ ಕೇಳಿ. ತೆಲುಗು ಭಜನೆ, ತಮಿಳು ಹಾಡು, ಹೆಸರಿಲ್ಲದ ವಾಟ್ಸಾಪ್ ಫೈಲು, ಹಳೇ ಕಾರ್ಡಿನ ಕೆಟ್ಟ ಟ್ಯಾಗು ಎಲ್ಲ ಬೆರೆತಿರುವ 12 ಫೋನ್ ಆರಿಸಿ. ಸಾಧ್ಯವಾದರೆ ಅದರಲ್ಲಿ ಅರ್ಧ ಅಗ್ಗದ ಫೋನ್ ಇರಲಿ, ಯಾಕೆಂದರೆ ಪರದೆ ಆರಿದ ಕೂಡಲೇ ಹಿನ್ನೆಲೆಯ ಆ್ಯಪ್‌ಗಳನ್ನು ನಿಲ್ಲಿಸಿಬಿಡುವ ಚಾಳಿ ಅವುಗಳಲ್ಲಿ ಜಾಸ್ತಿ, ಹಾಡು ನಡುವೆ ನಿಂತರೆ ಯಾರೂ ಎರಡನೇ ಸಲ ತೆರೆಯಲ್ಲ. ಮೊದಲ ವಾರ ಹುಡುಕಾಟ ಮಾತ್ರ ಪರೀಕ್ಷಿಸಿ, ಬೇರೆ ಏನೂ ಬೇಡ.